ಕೊನೆಯ ಕೇಸು

"ಲಾಸ್ಟ್ ಕೇಸ್ ಯಾರಮ್ಮಾ?"

ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಅಟೆಂಡರ್ ಕಾಂತರಾಜು ಕೂಗಿದ. ಬಾಪೂಜಿ ನಗರದಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ದುರ್ಗವ್ವ ಕೈ ಎತ್ತಿದಳು. ಅವಳ ಕುತ್ತಿಗೆಯ ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಅದರ ತುಣುಕು ತೆಗೆದು ನೋಡಿದರಷ್ಟೇ ಲಿಂಫೋಮಾ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯುವುದು, ತಿಳಿದರಷ್ಟೇ ಔಷಧಿ. ಅದಕ್ಕಾಗಿ ಅವಳು ಖಾಲಿ ಹೊಟ್ಟೆಯಲ್ಲಿ ಬಂದದ್ದು ಇದು ಮೂರನೆಯ ಸಲ.

"ಇವತ್ತರ ಆಗತೈತೇನಪಾ?"

"ಎಚ್‌ಐವಿ ಅಲ್ವಾಮ್ಮ ನಿಮ್ದು. ಎಲ್ಲಾರ್ದೂ ಮುಗೀಲಿ. ನಿಮ್ದಾದ್ಮೇಲೆ ಥಿಯೇಟರ್ ಪೂರ್ತಿ ತೊಳೀಬೇಕು. ಟೈಮ್ ಉಳಿದ್ರೆ ಮಾಡ್ತಾರೆ."

"ಉಳಿದವರದ ಆದಮ್ಯಾಲ ತೊಳಿಯೂದಿಲ್ಲೇನು? ನಾವು ಎಲ್ಲಾರ ತಾಟೂ ತೊಳಿತೇವಪಾ."

ಬೆಂಚಿನ ಮೇಲಿದ್ದವರು ಮೆಲ್ಲಗೆ ಸರಿದು ಕೂತರು. ಜಾಗ ಸಿಕ್ಕಿತೆಂದು ದುರ್ಗವ್ವ ಕಾಲು ಚಾಚಿದಳು. ಕಾಂತರಾಜು ಹಾಕಿದ್ದ ಗ್ಲೌಸಿನ ಮೇಲೆ ಇನ್ನೊಂದು ಜೊತೆ ಏರಿಸಿಕೊಂಡು ಅವಳ ಫೈಲನ್ನು ಎತ್ತಿಕೊಂಡ.

ಅಷ್ಟರಲ್ಲಿ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಸ್ಪಂದನ ಕಾಗದ, ಸಿರಿಂಜು ಹಿಡಿದು ಬಂದಳು. "ಅಮ್ಮ, ನಮ್ಮ ಸ್ಟಡಿಗೆ ನಿಮ್ಮ ರಕ್ತ ಬೇಕಿತ್ತು. ಇಷ್ಟ ಇದ್ರೆ ಮಾತ್ರ. ಹತ್ತು ಗಂಟೆಯೊಳಗೆ ಲ್ಯಾಬ್ ಸೇರ್ಬೇಕು. ಇವತ್ತು ನೀವೇ ಫಸ್ಟ್."

"ಅದ್ರಾಗ ಏನ್ ನೋಡ್ತೀರಿ?"

"ಮಾತ್ರೆ ತಗೊಂಡು ನಿಮ್ಮ ವೈರಸ್ ಟೆಸ್ಟಲ್ಲೂ ಸಿಗದಷ್ಟು ಕಮ್ಮಿ ಆಗಿದೆ. ಆದ್ರೂ ರೋಗ ತಡೆಯೋ ಜೀವಕೋಶಗಳು ಸುಮ್ನೆ ಕೂರ್ತಿಲ್ಲ. ಇನ್ನೂ ಲಾಠಿ ಹಿಡ್ಕೊಂಡು ನಿಂತಿರ್ತವೆ. ಆ ಗಾಬರಿಗೂ ಇಂಥ ಗಂಟಿಗೂ ಏನು ಸಂಬಂಧ ಅಂತ ನೋಡ್ತೀವಿ."

ದುರ್ಗವ್ವ ಕಾಂತರಾಜುವಿನ ಕೈಗಳನ್ನು ನೋಡಿದಳು. "ಅಂಥವನ್ನ ನೋಡಾಕ ನನ್ನ ರಕ್ತ ಯಾಕ ಬೇಕ್ರೀ? ಇಲ್ಲೇ ನಿಂತಾವಲ್ಲ."

ಸ್ಪಂದನ ನಕ್ಕಳು. ದುರ್ಗವ್ವ ನಗಲಿಲ್ಲ. ಸೀರೆಯ ಸೆರಗನ್ನು ಮೊಣಕೈ ಮುಚ್ಚುವಂತೆ ಎಳೆದುಕೊಂಡಳು.

"ಕೊಡ್ತೇನ್ರೀ, ಇಲ್ಲ ಅನ್ನಂಗಿಲ್ಲ. ಆದ್ರ ನಂದು ಲಾಸ್ಟ್ ಕೇಸ್ ಅಂತ. ರಕ್ತಾನೂ ಎಲ್ಲಾರದು ಮುಗದಮ್ಯಾಲ ತಗೊಳ್ರಿ. ಟೈಮ್ ಉಳಿದ್ರ."

ಬಾಗಿಲ ಪಕ್ಕದ ಬೋರ್ಡನ್ನು ಸ್ಪಂದನ ದಿನವೂ ದಾಟಿ ಹೋಗುತ್ತಿದ್ದಳು. ಈಗ ನಿಂತು ಓದಿದಳು. ಆರು ಹೆಸರು. ಕಡೆಯದು ದುರ್ಗವ್ವ, ಪಕ್ಕದಲ್ಲಿ ಕೆಂಪು ಗೆರೆ. ಕಾಗದವನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದಳು.

"ಮೊದ್ಲಿಂದ ಹಂಗೇ ಮಾಡ್ಕೊಂಡ್ ಬಂದಿರೋದು," ಎಂದು ಒಳಗೆ ಸರ್ಜನ್ನರ ದನಿ ಗೊಣಗಿತು.

"ರೂಲ್ ಎಲ್ಲಿದೆ, ತೋರ್ಸಿ ಸಾರ್. ಎಲ್ಲಾರಿಗೂ ಒಂದೇ ಥರ ಕ್ಲೀನ್ ಮಾಡ್ತೀವಿ ತಾನೇ?" ಇದು ಸ್ಪಂದನಳ ದನಿ. "ಸರಿ, ಅವರನ್ನೇ ಮೊದ್ಲು ಕರ್ಕೊಳ್ಳಿ," ಎಂದರು ಸರ್ಜನ್.

ಹೊರಬಂದವಳು ಕೆಂಪು ಗೆರೆಯನ್ನು ಅಂಗೈಯಿಂದಲೇ ಒರೆಸಿ ದುರ್ಗವ್ವನ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದಳು. "ರಕ್ತ ಕೊಡದಿದ್ರೂ ಇದು ಹೀಗೇ ಇರತ್ತೆ, ಅಮ್ಮ."

ದುರ್ಗವ್ವ ಸೆರಗು ಸರಿಸಿ ತೋಳು ಚಾಚಿದಳು.

ಸ್ಟ್ರೆಚರ್ ತಂದ ಕಾಂತರಾಜು ಬೋರ್ಡು ನೋಡಿದ, ಡಾಕ್ಟರನ್ನು ನೋಡಿದ, ಮೇಲಿನ ಜೊತೆ ಗ್ಲೌಸು ಕಳಚಿ ಬುಟ್ಟಿಗೆಸೆದ.

"ಒಂದು ಲಾಠಿ ಕೆಳಗ ಇಳೀತು," ಅಂದಳು ದುರ್ಗವ್ವ. "ಅದನ್ನೂ ಬರಕೊಳ್ರಿ, ಡಾಕ್ಟರಮ್ಮಾ."