ಇನ್ನೂರ ಹನ್ನೆರಡನೇ ಚಿಟ್ಟೆ

ಕುರಾಮೊಚಿ ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಎಡಗೈ ಬೆರಳುಗಳ ನಡುವೆ ಚಿಟ್ಟೆ ಸುಮ್ಮನಿತ್ತು. ಅದರ ರೆಕ್ಕೆಯ ತಿಳಿನೀಲಿ ಭಾಗದಲ್ಲಿ ಈಗ ಕಿಕಾಯಿ ದ್ವೀಪದ ಹೆಸರಿತ್ತು, ಈ ವರ್ಷದ ಏಪ್ರಿಲ್ ತಾರೀಖಿತ್ತು, ತಮೋತ್ಸು ಎಂಬ ಹೆಸರಿನ ಮುಂದೆ ಇನ್ನೂರ ಹನ್ನೆರಡು ಎಂಬ ಅಂಕಿ ಇತ್ತು. ಮಸಿ ತೀರಾ ಹೊಸದಾಗಿ ಕಂಡಿತು. ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ಮಾಸಲು ಮಾಡಿದರು. ಹೂವಿನ ಮೇಲೆ ಕೂರಿಸಿ ನಾಲ್ಕು ಫೋಟೋ ತೆಗೆದರು. ಚಿಟ್ಟೆ ಹಾರಿಹೋಯಿತು.

ಪರೀಕ್ಷೆಯಲ್ಲಿ ನಕಲು ಹೊಡೆಯುವವರನ್ನು ಮೂವತ್ನಾಲ್ಕು ವರ್ಷ ಹಿಡಿದು ನಿಲ್ಲಿಸಿದ ಮನುಷ್ಯ ಇವರು. ನಾಚಿಕೆ ಅಲ್ಲೇ, ಆ ಹೂಗಳ ನಡುವೆಯೇ ಶುರುವಾಯಿತು.

ದೂರದ ದಕ್ಷಿಣದ ಆ ದ್ವೀಪದಲ್ಲಿ ತಮೋತ್ಸು ಎಂಬ ಮುದುಕ ಪ್ರತಿ ವಸಂತದಲ್ಲೂ ಚಿಟ್ಟೆ ಹಿಡಿದು, ರೆಕ್ಕೆಯ ಮೇಲೆ ಬರೆದು ಬಿಡುತ್ತಾನೆ. ಬೇಸಿಗೆಗೆ ಅವು ಸಮುದ್ರ ದಾಟಿ ನಾಗಾನೊ ಬೆಟ್ಟಗಳ ತಂಪಿಗೆ ಬರುತ್ತವೆ. ಇಲ್ಲಿ ಚಿಟ್ಟೆ ಸಂಘದವರು ಬಿಳಿ ಟವೆಲ್ ಗಿರಗಿರ ತಿರುಗಿಸಿ ಅವುಗಳನ್ನು ಹತ್ತಿರ ಕರೆಯುತ್ತಾರೆ. ಬರಹವಿರುವ ರೆಕ್ಕೆ ಸಿಕ್ಕರೆ ಫೋಟೋ ತೆಗೆದು ದ್ವೀಪಕ್ಕೆ ಕಳಿಸುವುದು. 'ಹೌದು, ನನ್ನದೇ' ಎಂದು ತಮೋತ್ಸು ಬರೆಯುವುದು. ಬಹುಮಾನವೇನಿಲ್ಲ. ಆದರೆ ಸಿಕ್ಕವರು ಮುಂದಿನ ಬೇಸಿಗೆಯವರೆಗೂ ಎದೆಯುಬ್ಬಿಸಿ ಓಡಾಡಬಹುದು.

ಮೇಷ್ಟ್ರು ಮತ್ತು ಸೋಯಾ ಹಾಲಿನ ತೋಫು ಮಾಡಿ ಮಾರುವ ಅಂಗಡಿಯ ಕಿನುಯೆ ಎಂಟು ಬೇಸಿಗೆ ಒಟ್ಟಿಗೇ ಅಲೆದಿದ್ದರು. ಒಂದೇ ಡಬ್ಬಿಯ ಅನ್ನದ ಉಂಡೆ ತಿಂದಿದ್ದರು. ಎಂಟು ವರ್ಷವೂ ಇಬ್ಬರಿಗೂ ಸೊನ್ನೆ. ಈ ಜುಲೈನಲ್ಲಿ ಹಲ್ಲುನೋವೆಂದು ಮೇಷ್ಟ್ರು ಒಂದು ದಿನ ಮನೆಯಲ್ಲಿ ಉಳಿದರು. ಒಂಟಿಯಾಗಿ ಹೋದ ಕಿನುಯೆಗೆ ಅಂದೇ ತಮೋತ್ಸುವಿನ ಎಂಬತ್ತೇಳನೇ ಚಿಟ್ಟೆ ಸಿಕ್ಕಿಬಿಟ್ಟಿತು! ಸಂಘದವರು ಅವಳನ್ನು ಹೊತ್ತು ಮೆರೆಸುವುದೊಂದು ಬಾಕಿ.

ಹೊಟ್ಟೆಕಿಚ್ಚು ಎಂದರೆ ಮೇಷ್ಟ್ರು ಒಪ್ಪುತ್ತಿರಲಿಲ್ಲ. ಒಪ್ಪದಿದ್ದರೂ ಅದು ಹೊಟ್ಟೆಕಿಚ್ಚೇ.

ಬೆಟ್ಟದಿಂದ ಇಳಿದವರು ನೇರ ಅವಳ ಅಂಗಡಿಗೇ ಹೋದರು. ಮೂಲೆ ಮುರಿದ ತೋಫುವನ್ನು ಮಾರದೆ ತಾನೇ ತಿಂದು ಮುಗಿಸುವ ಹೆಂಗಸು ಅವಳು. ಕೈ ಒರೆಸಿಕೊಂಡು ಕ್ಯಾಮೆರಾ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು.

"ಓ... ಅಷ್ಟು ದೂರದಿಂದ ಬಂದ್ರೆ ಮಸಿ ಹೀಗಾಗುತ್ತಾ, ಮೇಷ್ಟ್ರೇ?"

ಮೇಷ್ಟ್ರಿಗೆ ಬೆವರು ಕಿತ್ತುಕೊಂಡು ಬಂತು. ಇವಳಿಗೆ ಗೊತ್ತಾಗಿದೆ, ಚುಚ್ಚುತ್ತಿದ್ದಾಳೆ.

"ಸಾವಿರ ಕಿಲೋಮೀಟರು ಅಲ್ವಾ. ಮಳೆ, ಗಾಳಿ..." ಎಂದು ತೊದಲಿದರು.

"ಹೌದೌದು." ಅವಳು ಕ್ಯಾಮೆರಾವನ್ನು ಎರಡೂ ಕೈಯಿಂದ ವಾಪಸು ಕೊಟ್ಟಳು. "ನಿಮ್ಮ ಮುಂದೆ ನಂದೇನು ಮೇಷ್ಟ್ರೇ. ನಿಮ್ಮಂಥವರಿಗೆ ಸಿಗ್ಬೇಕಾದ್ದು, ಸಿಕ್ತು." ತಲೆ ಎತ್ತಲೇ ಇಲ್ಲ.

ಫೋಟೋ ಕಳಿಸಿದ ಮೂರನೇ ದಿನ ದ್ವೀಪದಿಂದ ಕಾರ್ಡು ಬಂತು. 'ಇನ್ನೂರ ಹನ್ನೆರಡು ನನ್ನದೇ. ಕೃತಜ್ಞತೆಗಳು.' ಮನಸ್ಸಿಗೆ ತೋಚಿದ ಅಂಕಿ ಬರೆದಿದ್ದ ಮೇಷ್ಟ್ರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಅಂದರೆ ಮುದುಕನ ಲೆಕ್ಕದ ಪುಸ್ತಕದಲ್ಲಿ ಆ ಅಂಕಿಯ ಚಿಟ್ಟೆ ನಿಜಕ್ಕೂ ಇದೆ. ಎಲ್ಲೋ ಹಾರುತ್ತಿದೆ. ನಾಳೆ ಅದು ಇನ್ಯಾರದೋ ಕ್ಯಾಮೆರಾಕ್ಕೆ ಬಿದ್ದರೆ? ಆಮೇಲೆ ಈ ಊರಲ್ಲಿ ಮುಖ ಎತ್ತಿ ನಡೆಯುವುದು ಹೇಗೆ? ಊರು ಹಾಳಾಗಲಿ, ಕಿನುಯೆಯ ಎದುರು ಮತ್ತೆ ಆ ಡಬ್ಬಿ ಬಿಚ್ಚುವುದು ಹೇಗೆ? ಆ ವಾರವೆಲ್ಲ ಮೇಷ್ಟ್ರು ಬೆಟ್ಟದ ಕಡೆ ತಲೆ ಹಾಕಲಿಲ್ಲ.

ಭಾನುವಾರ ಮಧ್ಯಾಹ್ನ ತೋಫು ಅಂಗಡಿಯಲ್ಲೇ ಸಂಘದ ಔತಣ. ತಣ್ಣನೆಯ ತೋಫು, ಮೇಲೆ ಶುಂಠಿ, ಜೊತೆಗೆ ಬಿಯರು. ಅಧ್ಯಕ್ಷರು ಎರಡು ಫೋಟೋಗಳಿಗೂ ಕಟ್ಟು ಹಾಕಿಸಿ ತಂದಿದ್ದರು.

"ಒಂದೇ ಬೇಸಿಗೇಲಿ ಎರಡು! ಪಕ್ಕದೂರಿನ ಸಂಘದವ್ರು ಹೊಟ್ಟೆ ಉರ್ಕೊಂಡು ಸಾಯ್ಬೇಕು. ಕಿನುಯಮ್ಮಾ, ಮೊಳೆ ಎಲ್ಲಿದೆ? ಜೋಡಿಯಾಗಿ ತೂಗು ಹಾಕೋಣ."

"ನಂದು ಬೇಡ, ಅಧ್ಯಕ್ಷರೇ. ಎಣ್ಣೆ ಹೊಗೆ ಹಿಡಿಯುತ್ತೆ. ಮೇಷ್ಟ್ರದ್ದೊಂದೇ ಹಾಕಿ."

ಮೇಷ್ಟ್ರಿಗೆ ಅರ್ಥವಾಯಿತು. ತನ್ನ ಅಪ್ಪಟ ಚಿತ್ರವನ್ನು ಈ ಸುಳ್ಳಿನ ಪಕ್ಕದಲ್ಲಿ ನೇತುಹಾಕಲು ಅವಳಿಗೆ ಮನಸ್ಸಿಲ್ಲ. ಎಲ್ಲ ತಿಳಿದೂ ಎಲ್ಲರೆದುರು ಬಾಯಿಬಿಡದೆ ಮಾನ ಉಳಿಸುತ್ತಿದ್ದಾಳೆ. ನಾಚಿಕೆಯಿಂದ ಕಿವಿ ಸುಟ್ಟಿತು. ಇಂದೇ, ಇಲ್ಲೇ, ಅವಳೆದುರೇ ತಲೆ ಬಾಗಿಸಿ ಹೇಳಿಬಿಡಬೇಕು. ಅದಕ್ಕೆ ಮೊದಲು ಯಾರ ಹೆಸರನ್ನು ಕದ್ದೆನೋ ಆ ಮುದುಕನ ಕ್ಷಮೆ ಕೇಳಬೇಕು.

ಚಪ್ಪಲಿ ಮೆಟ್ಟಿ ಹಿತ್ತಲಿಗೆ ಹೋಗಿ ದ್ವೀಪಕ್ಕೆ ಫೋನು ಮಾಡಿದರು.

"ತಮೋತ್ಸು ಅವ್ರೇ, ನಾನು ನಾಗಾನೊದ ಕುರಾಮೊಚಿ ಮೇಷ್ಟ್ರು. ಆ ಇನ್ನೂರ ಹನ್ನೆರಡು ನಿಮ್ಮದಲ್ಲ. ನಿಮ್ಮ ಹೆಸರು ನಾನೇ ಬರೆದೆ. ದಯವಿಟ್ಟು ಕ್ಷಮಿಸ್ಬೇಕು." ಯಾರೂ ಕಾಣದಿದ್ದರೂ ಸೊಂಟದವರೆಗೆ ಬಾಗಿದರು.

ಆ ಕಡೆ ಒಂದು ಕೆಮ್ಮು.

"ಗೊತ್ತು ಮೇಷ್ಟ್ರೇ. ಫೆಬ್ರವರೀಲಿ ಸೊಂಟ ಮುರ್ಕೊಂಡು ಬಿದ್ದೋನು ನಾನು, ಜೂನ್‌ವರೆಗೂ ಹಾಸಿಗೆ ಬಿಟ್ಟಿಲ್ಲ. ಈ ವರ್ಷ ಒಂದು ಚಿಟ್ಟೆ ಮೇಲೂ ಬರೆದಿಲ್ಲ."

ಮೇಷ್ಟ್ರು ನೆಟ್ಟಗಾದರು. "ಮತ್ತೆ... ನಿಮ್ಮದೇ ಅಂತ ಯಾಕೆ ಬರೆದ್ರಿ?"

"ಇನ್ನೇನ್ ಮಾಡ್ಲಿ? ಜುಲೈನಲ್ಲಿ ನಿಮ್ಮೂರಿನ ಆ ತೋಫು ಅಂಗಡಿಯಮ್ಮ ಫೋಟೋ ಕಳಿಸಿದಾಗ, ಪಾಪ ಹೆಣ್ಮಗಳು ಅಂತ ಹೌದು ಅಂದ್ಬಿಟ್ಟಿದ್ದೆ. ಈಗ ನಿಮಗೆ ಇಲ್ಲ ಅಂದ್ರೆ ಅವರ ಮಾನ ಏನಾಗ್ಬೇಕು?"