ಹೊಸ್ತಿಲು ದಾಟಬಾರದು

ಮನೆಯಲ್ಲಿ ಸದ್ದೇ ಇರಲಿಲ್ಲ. ತಾತನಿಗೆ ಅನುಮಾನ ಬಂದದ್ದೇ ಅದಕ್ಕೆ. ಇಬ್ಬರು ಮಕ್ಕಳಿರುವ ಮನೆ ಸುಮ್ಮನಿದೆ ಎಂದರೆ ಒಂದೋ ಅವರು ನಿದ್ದೆ ಹೋಗಿರಬೇಕು, ಇಲ್ಲವೇ ಏನೋ ಕಿತಾಪತಿ ನಡೆದಿರಬೇಕು. ತಿಂಡಿ ತಿಂದ ಕೈ ಇನ್ನೂ ಆರಿರಲಿಲ್ಲ; ನಿದ್ದೆಯ ಮಾತೇ ಇಲ್ಲ.

ಎದ್ದು ಬಂದು ನೋಡಿದರೆ, ಮೊಮ್ಮಗಳೂ ಮೊಮ್ಮಗನೂ ಮುಂಬಾಗಿಲಿಗೆ ಬೆನ್ನು ಕೊಟ್ಟು ಕಾಲೊರೆಸುವ ಮ್ಯಾಟಿನ ಮೇಲೆ ಕೂತಿದ್ದರು.

"ಇಲ್ಲೇನ್ರೋ ಮಾಡ್ತಿದ್ದೀರಾ?"

"ಕಾವಲು," ಎಂದ ಮೊಮ್ಮಗ.

"ಯಾರನ್ನ ಕಾಯ್ತಿದ್ದೀಯೋ?"

ಅಕ್ಕ ತಮ್ಮನ ತೊಡೆ ಚಿವುಟಿದಳು. "ಕಳ್ಳರು ಬರ್ತಾರಂತೆ ತಾತ. ಆಟ."

ತಾತ ಒಳಗೊಳಗೇ ನಕ್ಕರು. ಅರ್ಧ ಆಯುಷ್ಯ ಸರ್ಕಲ್ಲಿನಲ್ಲಿ ನಿಂತು ಸೀಟಿ ಊದಿದ ಟ್ರಾಫಿಕ್ ಪೊಲೀಸಿನವರ ಮುಂದೆ ಈ ಆಟವೇ? ಓಡುವವನು ಯಾವಾಗಲೂ ಬಾಗಿಲ ಹತ್ತಿರವೇ ಕೂರುತ್ತಾನೆ. ತಾವು ರೆಪ್ಪೆ ಮುಚ್ಚುವುದೇ ತಡ, ಇಬ್ಬರೂ ಕೆಳಗಿಳಿದು ಮಳೆನೀರಲ್ಲಿ ಕುಣಿಯುತ್ತಾರೆ.

ಹಾಗಾದರೆ ಕೆಟ್ಟಿತು. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಮಗಳು ಸ್ಪಷ್ಟವಾಗಿ ಹೇಳಿದ್ದಳು: "ಅಪ್ಪ, ಈ ಮಳೆ ನಿಲ್ಲೋ ಹಾಗೆ ಕಾಣಲ್ಲ. ಮಕ್ಕಳನ್ನ ಹೊರಗೆ ಬಿಡಬೇಡಿ, ಅವರ ಜೊತೆಗೇ ಇರಿ. ಎದುರು ಬ್ಲಾಕಲ್ಲಿ ಒಬ್ಬ ಆಯಾ ಇದ್ದಾಳೆ, ಮಾತಾಡಿಟ್ಟಿದ್ದೀನಿ. ಇವತ್ತು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾಳೆಯಿಂದ ಅವಳು ಬರ್ತಾಳೆ."

ಆ ಆಯಾ ತಾತನ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿದ್ದಳು. ಊರಿನ ಬಸ್ಸುಗಳನ್ನೆಲ್ಲ ಒಂದೇ ಕೈಯಲ್ಲಿ ನಿಲ್ಲಿಸಿದವರಿಗೆ ಎರಡು ಚೋಟುದ್ದದ ಮಕ್ಕಳನ್ನು ಹಿಡಿದಿಡಲು ಬರುವುದಿಲ್ಲವೇ? ಕಂಡವರು ಬಂದು ಈ ಮನೆಯಲ್ಲಿ ಕೂತರೆ ತಮಗೆ ಉಳಿಯುವ ಕೆಲಸವೇನು? ಹಳೆಯ ಕ್ಯಾಲೆಂಡರಿನ ಹಾಗೆ ಗೋಡೆಗೆ ನೇತಾಡುವುದು, ಅಷ್ಟೇ.

"ಏಳಿ ಮಹಾ ಕಾವಲುಗಾರರೇ. ಬನ್ನಿ, ಒಳಗೆ ಏನಾದ್ರೂ ಆಡೋಣ."

ಟೆಂಟು ಕಟ್ಟೋಣ ಎಂದಳು ಮೊಮ್ಮಗಳು. ಬೆಡ್‌ಶೀಟು ಬೇಡವಂತೆ, ತಾತನ ಮಳೆಕೋಟೇ ಆಗಬೇಕಂತೆ. ಕಂಬಕ್ಕೆ ತಾತನ ಕೊಡೆ. ತಾತನ ರಬ್ಬರ್ ಬೂಟುಗಳು ಆಟಿಕೆ ಕಾರುಗಳ ಗ್ಯಾರೇಜು. ಮೊಮ್ಮಗ ಕಾರುಗಳನ್ನೆಲ್ಲ ಬೂಟಿನ ತಳಕ್ಕೆ ತುರುಕಿ, ಮೇಲೆ ಕಾಲುಚೀಲ ತುಂಬಿದ. ಟೆಂಟಿಗೆ ಗಂಟೆ ಬೇಡವೇ ಎಂದು ಕುತ್ತಿಗೆಯ ಸೀಟಿಯನ್ನೂ ಬಿಚ್ಚಿಸಿಕೊಂಡರು. ಈ ಕಾಲದ ಮಕ್ಕಳ ತಲೆಯೇ ತಲೆ, ಎಂದುಕೊಂಡರು ತಾತ.

ಅಷ್ಟರಲ್ಲಿ ಕೆಳಗೆ ಹಾರ್ನುಗಳ ಗಲಾಟೆ ಎದ್ದಿತು. ಮಳೆ ಜೋರಾದರೆ ಮೂಲೆಯ ಸಿಗ್ನಲ್ ಕಣ್ಣು ಮುಚ್ಚುವುದು ಹೊಸದೇನಲ್ಲ. ತಾತ ಕಿಟಕಿಗೆ ಹೋದರು, ಸುಮ್ಮನೆ ನೋಡಲು. ಬಸ್ಸೊಂದು ರಸ್ತೆಗೆ ಅಡ್ಡ ನಿಂತಿತ್ತು. ಅದರ ಪಕ್ಕೆಗೆ ಮೂತಿಯಿಟ್ಟು ಒಂದು ಲಾರಿ. ಡ್ರೈವರುಗಳಿಬ್ಬರಿಗೂ ಹಟ.

"ಹಿಂದಕ್ಕೆ ತಗೋಳೋ ಅಂತ ಹೇಳೋರಿಲ್ಲ ನೋಡು," ಎಂದು ಗೊಣಗಿದರು. ಬಲಗೈ ತಾನಾಗಿ ಮೇಲೆದ್ದಿತು.

ಮೊಮ್ಮಗಳು ಬಂದು ಪರದೆ ಎಳೆದಳು. "ತಾತ, ನಂಗೆ ಗುಡುಗು ಅಂದ್ರೆ ಭಯ."

ಗುಡುಗೇ ಇರಲಿಲ್ಲ. ಆದರೂ ಹೆದರಿದ ಮಗುವನ್ನು ಬಿಟ್ಟು ಕಿಟಕಿಯಲ್ಲಿ ನಿಲ್ಲುವುದು ಹೇಗೆ?

ಊಟದ ಹೊತ್ತಿಗೆ ನಡುಮನೆಯೇ ಸರ್ಕಲ್ಲಾಗಿತ್ತು. ಕುರ್ಚಿಗಳೆಲ್ಲ ಬಸ್ಸುಗಳು. ಮೊಮ್ಮಗ ಮೂರು ಗಾಲಿಯ ಸೈಕಲ್ಲಿನಲ್ಲಿ ಸಿಗ್ನಲ್ ಹಾರಿಸಿ ಸಿಕ್ಕಿಬಿದ್ದ.

"ಎಲ್ಲಯ್ಯ ಲೈಸೆನ್ಸು?" ಎಂದರು ತಾತ, ಹಳೆಯ ಗತ್ತಿನಲ್ಲಿ.

"ನಂಗಿನ್ನೂ ಐದು ವರ್ಷ ಸಾರ್."

"ಹಾಗಾದ್ರೆ ನಿಮ್ಮಪ್ಪನ್ನ ಕರಿ."

"ಅಪ್ಪ ಟೂರಲ್ಲಿದ್ದಾರೆ ಸಾರ್. ತಾತ ಇದ್ದಾರೆ, ಅವರೂ ಪೊಲೀಸೇ. ಸ್ವಲ್ಪ ನೋಡಿ ಮಾಡಿ ಸಾರ್."

ತಾತನ ನಗು ಕೆಮ್ಮಾಗಿ ತಿರುಗಿತು. ಹೋದ ವಾರ ಹಿಡಿದ ಕೆಮ್ಮು ಇನ್ನೂ ಬಿಟ್ಟಿರಲಿಲ್ಲ. ಮೊಮ್ಮಗಳು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ತಂದಳು. "ಹೋಟೆಲಿಂದ ಸಾರ್. ಪೊಲೀಸ್ನೋರಿಗೆ ಫ್ರೀ."

ಮಧ್ಯಾಹ್ನ ಮಕ್ಕಳು ಟೆಂಟಿನೊಳಗೆ ಮಲಗಿದರು. ಗೊರಕೆಯೂ ಕೇಳಿಸಿತು. ಕೆಳಗೆ ಹಾರ್ನುಗಳು ಮತ್ತೆ ಹುಯ್ಯಲಿಟ್ಟವು. ತಾತ ಕೂತರು, ಎದ್ದರು, ಮತ್ತೆ ಕೂತರು. ಯಾವನೋ ಈಗ ಎಡದಿಂದ ನುಗ್ಗಿರುತ್ತಾನೆ. ಐದೇ ನಿಮಿಷದ ಕೆಲಸ. ಇವರು ಏಳುವುದರೊಳಗೆ ಬಂದುಬಿಡಬಹುದು. ಬರಿಗಾಲಿಗೆ ಚಪ್ಪಲಿ ಮೆಟ್ಟಿ, ಬೆಕ್ಕಿನ ಹೆಜ್ಜೆಯಿಟ್ಟು, ಚಿಲಕಕ್ಕೆ ಕೈ ಹಾಕಿದರು.

ಧಡಾರ್ ಎಂದಿತು. ಮೊಮ್ಮಗ ಕುರ್ಚಿಯಿಂದ ಬಿದ್ದು ಬೊಬ್ಬೆ ಹೊಡೆಯುತ್ತಿದ್ದ. ಟೆಂಟಿನಲ್ಲಿ ಮಲಗಿದ್ದವನು ಕುರ್ಚಿಯಿಂದ ಹೇಗೆ ಬಿದ್ದ ಎಂದು ಕೇಳುವ ವ್ಯವಧಾನ ಯಾರಿಗಿತ್ತು? ತಾತ ಒಂದೇ ನೆಗೆತಕ್ಕೆ ಓಡಿಬಂದರು.

"ಎಲ್ಲಿ ನೋವು ಕಂದಾ?"

"ಎಲ್ಲಾ ಕಡೆ," ಎಂದ ಅವನು, ಒಣಗಿದ ಕಣ್ಣು ಒರೆಸಿಕೊಳ್ಳುತ್ತ. "ನೀನು ಎತ್ಕೊಂಡೇ ಇದ್ರೆ ಹೋಗುತ್ತೆ."

ತಾತ ಎತ್ತಿಕೊಂಡೇ ಇದ್ದರು. ತಾವು ಮೆಟ್ಟಿಲಿಳಿದಿದ್ದರೆ ಏನಾಗುತ್ತಿತ್ತು? ಆಯಾ ಆಗಲೇ ಒಳಗೆ ಬಂದು ಸೋಫಾದ ಮೇಲೆ ಕಾಲು ಚಾಚಿ ಕೂತಂತೆ ಅನ್ನಿಸಿತು. ಸಂಜೆಯವರೆಗೆ ಅವರು ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.

ಮಗಳು ತೊಟ್ಟಿಕ್ಕುವ ಕೊಡೆಯೊಂದಿಗೆ ಬಂದಾಗ ತಾತ ಎದೆ ಸೆಟೆಸಿ ನಿಂತರು. "ಯಾರೂ ಹೊಸ್ತಿಲು ದಾಟಿಲ್ಲ. ಒಬ್ಬರ ಮೈಮೇಲೂ ಒಂದು ಹನಿ ಬಿದ್ದಿಲ್ಲ."

ಮಗಳು ಮಕ್ಕಳ ಕಡೆ ನೋಡಿದಳು. ಇಬ್ಬರೂ ತಲೆಯಾಡಿಸಿದರು. ಅವಳ ಮುಖ ಅರಳಿತು.

"ಪಾಪ, ತುಂಬಾ ಸುಸ್ತಾಯ್ತಾ?"

"ನನಗೇನು ಸುಸ್ತು," ಎಂದರು ತಾತ.

ಅವಳು ಮಕ್ಕಳಿಬ್ಬರ ತಲೆ ಸವರಿ, ಫೋನ್ ಹಿಡಿದು ಅಡುಗೆಮನೆಗೆ ಹೋದಳು. ತಾತ ಮಳೆಕೋಟು ಮಡಿಸುವ ನೆಪದಲ್ಲಿ ಅಲ್ಲಿಯೇ ಸುಳಿದರು, ಗೆದ್ದವರು ತೀರ್ಪು ಕೇಳಲು ನಿಂತ ಹಾಗೆ.

"ನಾಳೆಯಿಂದ ಬರೋದು ಬೇಡಮ್ಮ," ಎನ್ನುತ್ತಿದ್ದಳು ಮಗಳು. "ಮಳೆ ಬಂದ್ರೆ ಸಾಕು, ಸರ್ಕಲ್ಲಿಗೆ ಹೋಗಿ ನೆನ್ಕೊಂಡು ನಿಂತ್ಬಿಡ್ತಾರೆ ಅಂತ ಹೇಳಿದ್ನಲ್ಲ, ಇವತ್ತು ಮಕ್ಕಳೇ ಅವರನ್ನ ನೋಡ್ಕೊಂಡ್ರು."