ಸುರಿನಾಮ್‌ಗೆ ಹೋಗುವ ಮೊದಲಿನ ಸೂಜಿ

ಕೊಲ್ಲಿ ದೇಶದ ಅದ್ಲಿಯಾ ಬಡಾವಣೆಯ ಕ್ಲಿನಿಕ್ಕಿನಲ್ಲಿ ಡೈನಾಳ ತೋಳನ್ನು ಹತ್ತಿಯಿಂದ ಒರೆಸಿದ ನರ್ಸ್ ಐವಿ, ಕೊನೆಯ ಪ್ರಶ್ನೆ ಕೇಳಿದಳು. "ಬಸುರು ಏನಾದ್ರೂ ಉಂಟಾ? ಇದ್ರೆ ಹಳದಿ ಜ್ವರದ ಇಂಜೆಕ್ಷನ್ ಕೊಡ್ಲಿಕ್ಕಿಲ್ಲ."

"ಎಂತ ಬಸುರು ಮಾರಾಯ್ತಿ! ಸೂಜಿಯ ಹೆದರಿಕೆ ಅವಳಿಗೆ," ಎಂದು ಗಂಡ ಆಲ್‌ಸ್ಟನ್ ನಕ್ಕ. ಅವನ ತೊಡೆಯ ಮೇಲೆ ಸುರಿನಾಮ್ ಕರಾವಳಿಯ ನಕ್ಷೆಯಿತ್ತು. ಅಲ್ಲಿ ಹತ್ತು ದಿನ ಸುತ್ತಿ, ನೇರ ಮಂಗಳೂರಿಗೆ ಹೋಗುವ ಟಿಕೆಟ್ ಮಾಡಿಸಿದ್ದ. ಈ ಲಸಿಕೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ಊರಿನ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. "ಎರಡು ವರ್ಷ ಆಸ್ಪತ್ರೆ ನೋಡಿದ್ದು ಸಾಕು, ಈ ಸಲ ಬೇರೆ ಸಮುದ್ರ ನೋಡುವ."

"ಅವಳೇ ಹೇಳ್ಲಿ," ಎಂದಳು ಐವಿ.

ಡೈನಾಳ ಮುಟ್ಟು ಹನ್ನೊಂದು ದಿನ ತಡವಾಗಿತ್ತು. ಹಿಂದೆ ಎರಡು ಸಲ ಸುದ್ದಿ ಹೇಳಿದಾಗಲೂ ಶುಕ್ರವಾರದ ಪೂಜೆಯಲ್ಲಿ ಇಡೀ ಚರ್ಚ್ ಪ್ರಾರ್ಥಿಸಿತ್ತು. ಎರಡು ಸಲವೂ ವಾರದೊಳಗೆ ಗರ್ಭ ಹೋಗಿತ್ತು. ಐವಿ ಅದೇ ಚರ್ಚಿನಲ್ಲಿ ಹಾಡುವವಳು. ಹೇಳಿದರೆ ಇದೂ ಹೋದೀತೆಂಬ ಭಯಕ್ಕೆ ಡೈನಾ ಪರೀಕ್ಷೆಯನ್ನೂ ಮಾಡಿಕೊಂಡಿರಲಿಲ್ಲ.

ಅವಳು ತೋಳನ್ನು ಎಳೆದುಕೊಂಡು ಅಂಗೈಯಿಂದ ಮುಚ್ಚಿದಳು. "ಐವಿ, ಚರ್ಚಲ್ಲಿ ಮಾತ್ರ ಹೇಳ್ಬೇಡ."

ಆಲ್‌ಸ್ಟನ್‌ನ ನಗು ನಿಂತಿತು. ಅವನು ಎದ್ದು, ಮಾತು ಹೊರಗೆ ಹೋಗದ ಹಾಗೆ ಕೋಣೆಯ ಬಾಗಿಲನ್ನು ಒಳಗಿನಿಂದ ಸದ್ದಾಗದಂತೆ ಮುಚ್ಚಿದ.